ಒಂದೊಂದೇ ಆಜ್ಞೆ

ಗಣಕಯಂತ್ರದ ಮುಂದೆ ಕುಳಿತು ಒಂದು ಆಜ್ಞೆಯನ್ನು ಬೆರಳಚ್ಚಿಸಿ, ಅದರ ಫಲವನ್ನು ಕಣ್ಣಾರೆ ಕಂಡು, ಆಮೇಲೆ ಎರಡನೆಯ ಆಜ್ಞೆಯನ್ನು ಕೊಡುವುದು ಒಂದು ಬಗೆ. ಕೊಡಬೇಕಾದ ಆಜ್ಞೆಗಳನ್ನೆಲ್ಲ ಮೊದಲೇ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟು, ‘ಇದನ್ನು ಮೊದಲಿನಿಂದ ಕಡೆಯವರೆಗೆ ನಡೆಸು’ ಎಂದು ಒಂದೇ ಮಾತು ಹೇಳಿ ಕೈಕಟ್ಟಿ ಕೂರುವುದು ಇನ್ನೊಂದು ಬಗೆ. ಹೀಗೆ ಬರೆದಿಟ್ಟ ಕಡತಕ್ಕೆ ಆ ಕಸುಬಿನವರು ಸ್ಕ್ರಿಪ್ಟ್ ಎನ್ನುತ್ತಾರೆ. ಹತ್ತು ಸಾಲಿನ ಸ್ಕ್ರಿಪ್ಟ್ ಉಂಟು. ಹತ್ತು ಲಕ್ಷ ಸಾಲಿನದೂ ಉಂಟು. ಅಂಥ ದೊಡ್ಡ ಕಡತವನ್ನು ಒಂದೇ ಉಸಿರಿಗೆ ನಡೆಸಿಬಿಡಬೇಕೆ, ಇಲ್ಲವೆ ಒಂದೊಂದೇ ಆಜ್ಞೆಯಾಗಿ, ನಿಂತು ನೋಡುತ್ತ ನಡೆಸಬೇಕೆ ಎಂಬುದು ನಾನು ಇಂದು ಎತ್ತಿಕೊಂಡಿರುವ ವಿಷಯ. ಇದು ಯಂತ್ರಜ್ಞರ ಮನೆಯೊಳಗಿನ ಮಾತು, ನಮಗೇಕೆ ಎಂದು ತಾವು ಭಾವಿಸಬಾರದು. ಬ್ಯಾಂಕಿನ ಉಳಿತಾಯ ಖಾತೆ, ಪಡಿತರ ಚೀಟಿ, ಹೊಲದ ಪಹಣಿ, ಮುಪ್ಪಿನವರ ಪಿಂಚಣಿ—ಇವೆಲ್ಲ ಇಂದು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುವುದು ಬಹುಮಟ್ಟಿಗೆ ಇಂಥ ಕಡತಗಳ ಮೂಲಕವೇ. ಅದರಲ್ಲಿ ಒಂದು ಸಾಲು ತಪ್ಪಿದರೆ ಒಬ್ಬರ ಹೆಸರು ಇಲ್ಲವಾಗುತ್ತದೆ.

ಸ್ಕ್ರಿಪ್ಟ್ ಎಂಬ ಮಾತನ್ನು ನಾಟಕದವರೂ ಬಳಸುತ್ತಾರೆ. ಆ ಹೋಲಿಕೆಯನ್ನು ಸ್ವಲ್ಪ ದೂರ ಹಿಡಿದು ನಡೆಯಬಹುದು. ಕಂಪನಿ ನಾಟಕಗಳ ಕಾಲದಲ್ಲಿ ಪಕ್ಕದ ಪರದೆಯ ಮರೆಯಲ್ಲಿ ಪ್ರತಿಯನ್ನು ಹಿಡಿದು ಒಬ್ಬ ನಿಂತಿರುತ್ತಿದ್ದ. ನಟ ಮಾತು ಮರೆತರೆ ಎತ್ತಿಕೊಡುವುದು ಅವನ ಕೆಲಸ. ಮೂರನೆಯ ದೃಶ್ಯದಲ್ಲಿ ಶತ್ರುವಿನ ಪಾತ್ರಧಾರಿ ರಂಗಕ್ಕೆ ಬರುವುದು ತಡವಾಯಿತೆನ್ನಿ. ಮನುಷ್ಯನಾದ ನಟ ಏನು ಮಾಡುತ್ತಾನೆ? ಮೀಸೆ ತಿರುವುತ್ತಾನೆ, ಒಂದು ಕಂದ ಹಾಡುತ್ತಾನೆ, ಹೇಗೋ ಹೊತ್ತು ಕಳೆಯುತ್ತಾನೆ. ಯಂತ್ರ ಅಂಥ ನಟನಲ್ಲ. ಪ್ರತಿಯಲ್ಲಿ ಮುಂದಿನ ಸಾಲು ‘ಖಡ್ಗದಿಂದ ಇರಿಯುತ್ತಾನೆ’ ಎಂದಿದ್ದರೆ ಅದು ಇರಿದೇ ಇರಿಯುತ್ತದೆ. ಶತ್ರು ಬಂದಿಲ್ಲವಾದರೆ ಆ ಜಾಗದಲ್ಲಿ ಯಾರು ನಿಂತಿದ್ದಾರೋ ಅವರಿಗೆ ಇರಿತ. ಈ ದೃಶ್ಯವನ್ನು ತಾವು ಮನಸ್ಸಿನಲ್ಲಿಟ್ಟುಕೊಂಡರೆ ನಾನು ಮುಂದೆ ಹೇಳುವುದರ ಅರ್ಧ ಭಾಗ ತಾನಾಗಿ ತಿಳಿಯುತ್ತದೆ.

ಆಜ್ಞೆಗಳನ್ನು ಸಾಲಾಗಿ ಪೋಣಿಸಿಟ್ಟು ಯಂತ್ರಕ್ಕೆ ಉಣಿಸುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಜೋಸೆಫ್ ಮರೀ ಜಕಾರ್ಡ್ ಎಂಬಾತ ರೂಪಿಸಿದ ಮಗ್ಗವನ್ನು ನೆನೆಯಿರಿ; ನಮ್ಮ ನೇಕಾರರಿಗೂ ಆ ಹೆಸರು ಪರಿಚಿತವೇ. ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಸರಪಳಿ ಮಾಡಿ ಮಗ್ಗದ ತಲೆಯ ಮೇಲೆ ಇಳಿಬಿಡುತ್ತಾರೆ. ಒಂದು ರಟ್ಟಿಗೆ ಒಂದು ಹೊಕ್ಕು. ತೂತು ಇದ್ದ ಕಡೆ ಹಾಸಿನ ಎಳೆ ಏಳುತ್ತದೆ, ಇಲ್ಲದ ಕಡೆ ಹಾಗೆಯೇ ಇರುತ್ತದೆ. ಲಾಳಿ ಒಮ್ಮೆ ಓಡುತ್ತದೆ. ಮುಂದಿನ ರಟ್ಟು ಬರುತ್ತದೆ. ಜಕಾರ್ಡ್ ತೀರಿಕೊಂಡ ಮೇಲೆ 1839ರಲ್ಲಿ ಅವನ ಭಾವಚಿತ್ರವನ್ನೇ ಅವನ ಮಗ್ಗದಲ್ಲಿ ರೇಷ್ಮೆಯಲ್ಲಿ ನೇಯ್ದರು. ದೂರದಿಂದ ನೋಡಿದವರು ಅದನ್ನು ಅಚ್ಚುಚಿತ್ರವೆಂದು ತಿಳಿಯುವಷ್ಟು ನಯವಾದ ನೇಯ್ಗೆ. ಅದಕ್ಕೆ ಬೇಕಾದ ರಟ್ಟುಗಳು ಸುಮಾರು 24,000. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಆ ಚಿತ್ರದ ಒಂದು ಪ್ರತಿಯನ್ನು ಸಂಪಾದಿಸಿ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ದೊಡ್ಡ ಸ್ಕ್ರಿಪ್ಟಿನ ಪೂರ್ವಜ ಯಾವುದೆಂದು ಕೇಳಿದರೆ ನಾನು ಈ ರೇಷ್ಮೆಯ ಚಿತ್ರವನ್ನೇ ತೋರಿಸುತ್ತೇನೆ. ಒಂದು ಭೇದವನ್ನು ಮಾತ್ರ ಗಮನಿಸಬೇಕು. ಮಗ್ಗದಲ್ಲಿ ತಪ್ಪು ತೂತು ಬಿದ್ದರೆ ಅದು ಆ ಗಳಿಗೆಯಲ್ಲೇ ಬಟ್ಟೆಯ ಮೇಲೆ ಕಾಣುತ್ತದೆ, ನೇಕಾರ ಮಗ್ಗ ನಿಲ್ಲಿಸಬಹುದು. ಗಣಕಯಂತ್ರ ನೇಯುವ ಬಟ್ಟೆ ಕಣ್ಣಿಗೆ ಬೀಳುವಂಥದಲ್ಲ.

ಒಂದೊಂದೇ ಆಜ್ಞೆಯನ್ನು ನಡೆಸಿ ನೋಡುವ ಆಸೆಯೂ ಯಂತ್ರದಷ್ಟೇ ಹಳೆಯದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ಸಿದ್ಧವಾದ ಎಡ್‌ಸ್ಯಾಕ್ ಯಂತ್ರ 1949ರ ಮೇ ತಿಂಗಳಲ್ಲಿ ಮೊದಲ ಲೆಕ್ಕವನ್ನು ಮಾಡಿತು. ಅದರಲ್ಲಿ ಒಂದು ಗುಂಡಿ ಇತ್ತು. ಒತ್ತಿದಾಗಲೊಮ್ಮೆ ಒಂದೇ ಆದೇಶ ನಡೆದು ಯಂತ್ರ ನಿಲ್ಲುತ್ತಿತ್ತು. ಪರದೆಯ ಮೇಲಿನ ಚುಕ್ಕೆಗಳನ್ನು ನೋಡಿ ಒಳಗೆ ಏನಾಗಿದೆಯೆಂದು ತಿಳಿಯಬಹುದಾಗಿತ್ತು. ಆದರೆ ಇಡೀ ವಿಶ್ವವಿದ್ಯಾಲಯಕ್ಕೆ ಇದ್ದದ್ದು ಅದೊಂದೇ ಯಂತ್ರ. ಒಬ್ಬ ಸಂಶೋಧಕ ಗುಂಡಿಯೊತ್ತುತ್ತ ಇಣುಕಿ ನೋಡುತ್ತ ಕುಳಿತರೆ ಸಾಲಿನಲ್ಲಿ ನಿಂತ ಉಳಿದವರ ಗತಿಯೇನು? ಆದ್ದರಿಂದ ಹಾಗೆ ಇಣುಕುವುದನ್ನು ಹಿರಿಯರು ಮೆಚ್ಚುತ್ತಿರಲಿಲ್ಲ. ಸ್ಟ್ಯಾನ್ಲಿ ಗಿಲ್ ಎಂಬ ತರುಣ ಇದಕ್ಕೊಂದು ಉಪಾಯ ಮಾಡಿದ. ಮನುಷ್ಯ ಗುಂಡಿಯೊತ್ತಿ ನೋಡುವ ಬದಲು ಇನ್ನೊಂದು ಕ್ರಮವಿಧಿಯೇ ಮೂಲ ಕ್ರಮವಿಧಿಯ ಆದೇಶಗಳನ್ನು ಒಂದೊಂದಾಗಿ ನಡೆಸಿ, ಯಾವ ಆದೇಶ ಯಾವಾಗ ನಡೆಯಿತೆಂಬುದನ್ನು ಕಾಗದದ ಮೇಲೆ ಅಚ್ಚು ಮಾಡಿಬಿಡಲಿ. ಸಂಶೋಧಕ ಆ ಕಾಗದವನ್ನು ತನ್ನ ಕೊಠಡಿಗೆ ಒಯ್ದು ನಿಧಾನವಾಗಿ ಓದಿಕೊಳ್ಳಲಿ. 1951ರಲ್ಲಿ ಅವನು ಪ್ರಕಟಿಸಿದ ಆ ವಿಧಾನ ಇಂದಿನವರೆಗೂ ಬೇರೆ ಬೇರೆ ವೇಷಗಳಲ್ಲಿ ಬಳಕೆಯಲ್ಲಿದೆ.

ಆಜ್ಞೆಗಳ ಕಡತ ಎಂಬ ನಾವು ಈಗ ಬಳಸುವ ಅರ್ಥದ ಸ್ಕ್ರಿಪ್ಟ್ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ. ಅಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದಿತ್ತು. ಲೂಯಿ ಪೂಜಾನ್ ಎಂಬ ಫ್ರೆಂಚ್ ತಂತ್ರಜ್ಞರು ದಿನವೂ ಅವೇ ಆಜ್ಞೆಗಳನ್ನು ಬೆರಳಚ್ಚಿಸುವುದು ಬೇಸರವಾಗಿ, ಕಡತದಲ್ಲಿ ಬರೆದಿಟ್ಟ ಆಜ್ಞೆಗಳನ್ನು ಓದಿ ನಡೆಸುವ ಒಂದು ಸಾಧನವನ್ನು ಬರೆದರು. ಅದರ ಹೆಸರು ರನ್‌ಕಾಮ್; ‘ಆಜ್ಞೆಗಳನ್ನು ನಡೆಸು’ ಎಂಬುದರ ಸಂಕ್ಷೇಪ. ಇಂದಿಗೂ ಯೂನಿಕ್ಸ್ ವಂಶದ ಯಂತ್ರಗಳಲ್ಲಿ ಅನೇಕ ಕಡತಗಳ ಹೆಸರು ‘ಆರ್‌ಸಿ’ ಎಂಬ ಎರಡು ಅಕ್ಷರಗಳಿಂದ ಮುಗಿಯುತ್ತದೆ. ದಿನವೂ ಅದನ್ನು ಬಳಸುವ ಎಷ್ಟೋ ಎಳೆಯರಿಗೆ ಆ ಅಕ್ಷರಗಳು ಎಲ್ಲಿಂದ ಬಂದವೆಂದು ಗೊತ್ತಿಲ್ಲ. ಊರ ಹೆಸರಿನ ಅರ್ಥ ಊರವರಿಗೇ ಮರೆತ ಹಾಗೆ. ಆಜ್ಞೆಗಳನ್ನು ಸ್ವೀಕರಿಸುವ ಹೊರಕವಚಕ್ಕೆ ‘ಶೆಲ್’, ಅಂದರೆ ಚಿಪ್ಪು, ಎಂಬ ಹೆಸರಿಟ್ಟವರೂ ಪೂಜಾನ್ ಅವರೇ.

ಈ ಚಿಪ್ಪಿನ ಸ್ವಭಾವದಲ್ಲಿ ಒಂದು ವಿಚಿತ್ರವಿದೆ. ಒಂದು ಆಜ್ಞೆ ವಿಫಲವಾದರೂ ಅದು ನಿಲ್ಲುವುದಿಲ್ಲ. ಮುಂದಿನ ಸಾಲಿಗೆ ಹೋಗುತ್ತದೆ. ಇದು ಮೂರ್ಖತನದಂತೆ ತೋರಿದರೂ ಕಾರಣವಿಲ್ಲದೆ ಆದದ್ದಲ್ಲ. ಯಂತ್ರದ ಲೆಕ್ಕದಲ್ಲಿ ವೈಫಲ್ಯವೆಂಬುದು ಯಾವಾಗಲೂ ಅನಾಹುತವಲ್ಲ. ಕಡತದಲ್ಲಿ ಒಂದು ಪದವನ್ನು ಹುಡುಕು ಎಂದೆವು, ಪದ ಸಿಗಲಿಲ್ಲ. ಹುಡುಕುವ ಆಜ್ಞೆ ‘ವಿಫಲನಾದೆ’ ಎಂದೇ ವರದಿ ಕೊಡುತ್ತದೆ. ಸಿಗದಿರುವುದೇ ನಮಗೆ ಬೇಕಾದ ಉತ್ತರವೂ ಆಗಿರಬಹುದು. ಪ್ರತಿಯೊಂದು ‘ಇಲ್ಲ’ಕ್ಕೂ ಯಂತ್ರ ನಿಂತುಬಿಟ್ಟರೆ ಕೆಲಸ ಸಾಗದು. ಆದರೆ ಯಾವ ‘ಇಲ್ಲ’ ನಿರಪಾಯ, ಯಾವುದು ಪ್ರಾಣಾಂತಿಕ ಎಂಬ ವಿವೇಕ ಚಿಪ್ಪಿಗಿಲ್ಲ. ಅದನ್ನು ಬರೆಯುವವನೇ ಹೇಳಿಕೊಡಬೇಕು.

2015ರ ಜನವರಿಯಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಗಣಕಯಂತ್ರದಲ್ಲಿ ಆಟವಾಡುವವರು ಬಳಸುವ ಸ್ಟೀಮ್ ಎಂಬ ತಂತ್ರಾಂಶದ ಲಿನಕ್ಸ್ ಆವೃತ್ತಿಯೊಂದಿಗೆ ಒಂದು ಸ್ಕ್ರಿಪ್ಟ್ ಬರುತ್ತಿತ್ತು. ಅದರ ಒಂದು ಸಾಲು ಸ್ಟೀಮ್ ಯಾವ ಕೋಶದಲ್ಲಿ ನೆಲೆಸಿದೆಯೆಂದು ಪತ್ತೆಮಾಡಿ ಆ ವಿಳಾಸವನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಮುಂದೆ ಇನ್ನೊಂದು ಸಾಲು ಆ ವಿಳಾಸದ ಮುಂದೆ ಒಂದು ಓರೆಗೆರೆ ಸೇರಿಸಿ, ‘ಅದರೊಳಗಿನ ಎಲ್ಲವನ್ನೂ ಅಳಿಸು’ ಎನ್ನುತ್ತಿತ್ತು. ಸ್ಟೀಮಿನ ಕೋಶವನ್ನು ಬೇರೆಡೆಗೆ ಸಾಗಿಸಿದ್ದ ಒಬ್ಬ ಬಳಕೆದಾರನ ಯಂತ್ರದಲ್ಲಿ ಮೊದಲ ಸಾಲಿಗೆ ವಿಳಾಸ ಸಿಗಲಿಲ್ಲ. ಸಿಗದಿದ್ದರೇನಾಯಿತು, ಆ ಹೆಸರು ಖಾಲಿ ಉಳಿಯಿತು. ಚಿಪ್ಪು ಮುಂದೆ ಸಾಗಿತು. ಖಾಲಿ ವಿಳಾಸಕ್ಕೆ ಓರೆಗೆರೆ ಸೇರಿಸಿದರೆ ಉಳಿಯುವುದು ಓರೆಗೆರೆ ಮಾತ್ರ. ಆ ಯಂತ್ರಗಳ ಭಾಷೆಯಲ್ಲಿ ಒಂಟಿ ಓರೆಗೆರೆ ಎಂದರೆ ಇಡೀ ಯಂತ್ರದ ಬುಡ. ಬುಡದಿಂದ ಹಿಡಿದು ಆ ಮನುಷ್ಯ ಅಳಿಸಬಲ್ಲುದೆಲ್ಲ ಅಳಿಯಿತು. ಆಪತ್ಕಾಲಕ್ಕೆಂದು ಪ್ರತಿ ತೆಗೆದು ಜೋಡಿಸಿಟ್ಟಿದ್ದ ಹೊರಗಿನ ತಟ್ಟೆಯೂ ಬರಿದಾಯಿತು. ಖಡ್ಗ, ಬಾರದ ಶತ್ರು, ಆ ಜಾಗದಲ್ಲಿ ನಿಂತಿದ್ದವರು—ನಮ್ಮ ನಾಟಕದ ದೃಶ್ಯವೇ ಇದು. ಆ ಸಾಲಿನ ನೆತ್ತಿಯ ಮೇಲೆ ಅದನ್ನು ಬರೆದಾತ ‘ಭಯಂಕರ!’ ಎಂಬ ಅರ್ಥದ ಒಂದು ಪದವನ್ನು ಟಿಪ್ಪಣಿಯಾಗಿ ಬರೆದಿದ್ದ. ಭಯ ಅವನಿಗೆ ತಿಳಿದಿತ್ತು. ಮೊದಲ ಸಾಲಿನ ಫಲವನ್ನು ನೋಡಿ ಎರಡನೆಯದಕ್ಕೆ ಹೋಗು ಎಂಬ ಷರತ್ತು ಮಾತ್ರ ಬರೆದಿರಲಿಲ್ಲ.

ಇಂಥದಕ್ಕೆ ಉಪಾಯಗಳಿಲ್ಲದಿಲ್ಲ. ಸ್ಕ್ರಿಪ್ಟನ್ನು ನಡೆಸದೆ ವ್ಯಾಕರಣ ಮಾತ್ರ ಪರೀಕ್ಷಿಸು ಎನ್ನಬಹುದು. ನಡೆಸುವ ಮುನ್ನ ಪ್ರತಿ ಸಾಲನ್ನೂ ತೆರೆಯ ಮೇಲೆ ಬರೆದು ತೋರಿಸು ಎನ್ನಬಹುದು. ಗಿಲ್ ಅವರ ಕಾಗದದ ಸುರುಳಿಯ ಮೊಮ್ಮಗ ಇದು. ಯಾವುದೇ ಆಜ್ಞೆ ವಿಫಲವಾದರೆ ಅಲ್ಲಿಗೇ ನಿಲ್ಲು ಎನ್ನಬಹುದು. ಖಾಲಿ ಹೆಸರು ಸಿಕ್ಕರೆ ಅದನ್ನೂ ತಪ್ಪೆಂದೇ ಎಣಿಸು ಎಂಬ ಏರ್ಪಾಡೂ ಉಂಟು. ಇವುಗಳಲ್ಲಿ ‘ವಿಫಲವಾದರೆ ನಿಲ್ಲು’ ಎಂಬುದನ್ನು ಕೆಲವರು ಸರ್ವರೋಗಕ್ಕೂ ಮದ್ದೆಂದು ಹಚ್ಚುತ್ತಾರೆ. ಷರತ್ತಿನ ವಾಕ್ಯದೊಳಗೆ ಬಂದ ವೈಫಲ್ಯವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಅವರು ಗಮನಿಸಿರುವುದಿಲ್ಲ.

ಇನ್ನು ದತ್ತಾಂಶ ಭಂಡಾರಗಳ ಮಾತು. ನನ್ನ ದುಡಿಮೆಯ ಬಹುಪಾಲು ಕಳೆದದ್ದು ಇವುಗಳ ನಡುವೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಭಂಡಾರವೆಂದರೆ ಅಂಕಣಗಳಾಗಿ ಹೊಂದಿಸಿಟ್ಟ ಪಟ್ಟಿಗಳ ಸಮೂಹ. ಅದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಆಜ್ಞೆ ಕೊಡುತ್ತಾರೆ: ಇಂಥ ಪಟ್ಟಿಯನ್ನು ರಚಿಸು, ಇದರಲ್ಲಿ ಈ ಸಾಲನ್ನು ಸೇರಿಸು, ಇಂಥ ಸಾಲನ್ನು ತಿದ್ದು, ಇಂಥದನ್ನು ತೆಗೆ.

ನಾನು ಬಲ್ಲ ಒಂದು ಕಚೇರಿಯಲ್ಲಿ—ಅದರ ಹೆಸರು ಇಲ್ಲಿ ಬೇಡ—ವಿಧವಾ ವೇತನ ಪಡೆಯುವವರ ಪಟ್ಟಿಯನ್ನು ಹಳೆಯ ನಮೂನೆಯಿಂದ ಹೊಸ ನಮೂನೆಗೆ ಸಾಗಿಸುವ ಕೆಲಸ ನಡೆಯಿತು. ಹೊರಗಿನಿಂದ ಬಂದ ಸ್ಕ್ರಿಪ್ಟಿನಲ್ಲಿ ಸಾವಿರಾರು ಸಾಲುಗಳಿದ್ದವು. ಅವುಗಳ ತಿರುಳು ಮೂರೇ ಆಜ್ಞೆ: ಹೊಸ ಪಟ್ಟಿಯನ್ನು ರಚಿಸು, ಹಳೆಯ ಪಟ್ಟಿಯಲ್ಲಿರುವವರನ್ನೆಲ್ಲ ಅದಕ್ಕೆ ನಕಲು ಮಾಡು, ಹಳೆಯ ಪಟ್ಟಿಯನ್ನು ತೆಗೆದುಹಾಕು. ಮೊದಲನೆಯದು ನಡೆಯಿತು. ಎರಡನೆಯದರಲ್ಲಿ ಯಾರೋ ಒಬ್ಬ ಮುದುಕಿಯ ಹುಟ್ಟಿದ ದಿನಾಂಕ ಫೆಬ್ರವರಿ 30 ಎಂದಿತ್ತು. ಹಳೆಯ ಪಟ್ಟಿ ದಿನಾಂಕವನ್ನು ಬರಿಯ ಅಕ್ಷರಗಳೆಂದು ಇಟ್ಟುಕೊಂಡಿತ್ತು, ಹೊಸದು ನಿಜವಾದ ದಿನಾಂಕವೇ ಬೇಕೆಂದು ಹಟ ಹಿಡಿಯಿತು. ಒಂದು ಸಾಲು ಒಪ್ಪಿಗೆಯಾಗದಿದ್ದರೆ ಆ ಆಜ್ಞೆಯ ಒಂದು ಸಾಲೂ ಸಲ್ಲದು. ಆದ್ದರಿಂದ ಯಾರೊಬ್ಬರೂ ಹೊಸ ಪಟ್ಟಿಗೆ ಸೇರಲಿಲ್ಲ. ಯಂತ್ರ ತಪ್ಪಿನ ಸಂದೇಶವನ್ನು ಪ್ರಾಮಾಣಿಕವಾಗಿ ತೆರೆಯ ಮೇಲೆ ಬರೆಯಿತು, ಮೂರನೆಯ ಆಜ್ಞೆಗೆ ಹೋಯಿತು, ಹಳೆಯ ಪಟ್ಟಿಯನ್ನು ತೆಗೆದುಹಾಕಿತು. ಆಮೇಲೆ ಬಂದ ನೂರಾರು ಸಾಲುಗಳು ಆ ಸಂದೇಶವನ್ನು ಮೇಲಕ್ಕೆ ತಳ್ಳಿಬಿಟ್ಟವು. ಕಡೆಗೆ ತೆರೆಯ ಮೇಲೆ ಉಳಿದದ್ದು ‘ಮುಗಿಯಿತು’ ಎಂಬ ಮಾತು.

ಆ ತಿಂಗಳು ವೇತನ ಹೋಗಲಿಲ್ಲ. ಬಿಸಿಲಲ್ಲಿ ಬಂದು ಮೆಟ್ಟಿಲ ಮೇಲೆ ಕುಳಿತ ಹೆಂಗಸರಿಗೆ ಗುಮಾಸ್ತರು ‘ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಲ್ಲ ತಾಯಿ’ ಎಂದರು. ಅವರಲ್ಲೊಬ್ಬಾಕೆ ‘ನಾನಂತೂ ಇದ್ದೀನಲ್ಲಪ್ಪ’ ಎಂದಳು. ಹಿಂದಿನ ವರ್ಷ ಅಚ್ಚು ಹಾಕಿಸಿ ಬೀರುವಿನಲ್ಲಿ ಕಟ್ಟಿಟ್ಟಿದ್ದ ಕಾಗದದ ಪಟ್ಟಿಯೊಂದು ಇದ್ದುದರಿಂದ ಎಲ್ಲರ ಹೆಸರನ್ನೂ ಮತ್ತೆ ಬೆರಳಚ್ಚಿಸಿ ತುಂಬಿದರು. ಅದಕ್ಕೆ ಮೂರು ವಾರ ಹಿಡಿಯಿತು. ಆ ಸ್ಕ್ರಿಪ್ಟನ್ನು ಯಾರಾದರೂ ಒಂದೊಂದೇ ಆಜ್ಞೆಯಾಗಿ ನಡೆಸಿದ್ದರೆ ಎರಡನೆಯದರಲ್ಲೇ ನಿಲ್ಲುತ್ತಿದ್ದರು.

ಹಾಗಾದರೆ ಒಂದೊಂದೇ ಆಜ್ಞೆ ನಡೆಸುವುದು ಸುಲಭವೆ? ಮೊದಲ ತೊಡಕು, ಒಂದು ಆಜ್ಞೆ ಎಲ್ಲಿ ಮುಗಿಯಿತೆಂದು ತಿಳಿಯುವುದು. ಹಳೆಯ ಓಲೆಗರಿಯ ಪ್ರತಿಗಳನ್ನು ಕಂಡವರಿಗೆ ಈ ಕಷ್ಟ ಗೊತ್ತು. ಅಲ್ಲಿ ಪದಗಳ ನಡುವೆ ತೆರಪಿಲ್ಲ; ಅಕ್ಷರಗಳು ಒಂದೇ ಸರಪಳಿಯಾಗಿ ಸಾಗುತ್ತವೆ. ಪದಚ್ಛೇದವನ್ನು ಓದುವವನೇ ಮಾಡಿಕೊಳ್ಳಬೇಕು. ತಪ್ಪಾಗಿ ಒಡೆದರೆ ಅರ್ಥ ಕೆಡುತ್ತದೆ. ಎಸ್‌ಕ್ಯೂಎಲ್ ಭಾಷೆಯಲ್ಲಿ ಆಜ್ಞೆಯ ಕೊನೆಗೆ ಅರ್ಧವಿರಾಮ ಹಾಕುವುದು ರೂಢಿ. ಹಾಗಾದರೆ ಅರ್ಧವಿರಾಮ ಕಂಡಲ್ಲೆಲ್ಲ ಕತ್ತರಿಸಿದರಾಯಿತಲ್ಲ ಎಂದು ಹೊಸಬರು ತಿಳಿಯುತ್ತಾರೆ. ಆದರೆ ಅರ್ಧವಿರಾಮ ಉದ್ಧರಣ ಚಿಹ್ನೆಗಳ ಒಳಗಿರುವ ಒಂದು ವಿಳಾಸದ ಭಾಗವಾಗಿರಬಹುದು, ಟಿಪ್ಪಣಿಯ ನಡುವೆ ಇರಬಹುದು. ಉದ್ಧರಣ ಚಿಹ್ನೆಯದೇ ಇನ್ನೊಂದು ಕಥೆ. ಮಂಗಳೂರಿನ ಕಡೆಯ ಡಿ’ಸೋಜ ಎಂಬ ಮನೆತನದ ಹೆಸರನ್ನು ನೋಡಿ: ನಡುವಿನ ಆ ಕೊಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗಲೂ ಇರುತ್ತದೆ, ಎಸ್‌ಕ್ಯೂಎಲ್ ಭಾಷೆಗೆ ಉದ್ಧರಣ ಮುಗಿಯಿತೆಂಬ ಸೂಚನೆಯೂ ಅದೇ ಕೊಕ್ಕೆ. ಅದನ್ನು ಜೋಡಿಯಾಗಿ ಬರೆಯದಿದ್ದರೆ ಹೆಸರು ‘ಡಿ’ ಎಂಬಲ್ಲಿಗೆ ಮುಗಿದು, ಮುಂದಿನದೆಲ್ಲ ಅರ್ಥವಿಲ್ಲದ ಗೊಣಗಾಟವಾಗುತ್ತದೆ. ಇದಕ್ಕಿಂತ ಕಷ್ಟದ್ದೆಂದರೆ ಭಂಡಾರದೊಳಗೇ ನೆಲೆಸುವ ಪುಟ್ಟ ಕ್ರಮವಿಧಿಗಳು. ಅಂಥದೊಂದರ ಹೊಟ್ಟೆಯಲ್ಲಿ ಹತ್ತು ಅರ್ಧವಿರಾಮಗಳಿದ್ದರೂ ಇಡಿಯಾಗಿ ಅದು ಒಂದೇ ಆಜ್ಞೆ. ಮೈಎಸ್‌ಕ್ಯೂಎಲ್ ಬಳಸುವವರು ಇಂಥ ಕಡೆ ತಾತ್ಕಾಲಿಕವಾಗಿ ವಿರಾಮಚಿಹ್ನೆಯನ್ನೇ ಬದಲಿಸಿಕೊಳ್ಳುತ್ತಾರೆ. ಪೋಸ್ಟ್‌ಗ್ರೆಸ್ ಮಂದಿ ಜೋಡಿ ಡಾಲರ್ ಚಿಹ್ನೆಗಳ ನಡುವೆ ಅದನ್ನು ಬೇಲಿ ಹಾಕಿ ಕೂಡಿಡುತ್ತಾರೆ. ಒರೆಕಲ್‌ನಲ್ಲಿ ಒಂದು ಸಾಲಿನಲ್ಲಿ ಒಂಟಿಯಾಗಿ ನಿಂತ ಓರೆಗೆರೆಯೇ ‘ಇನ್ನು ನಡೆಸು’ ಎಂಬ ಸಂಕೇತ. ಮೈಕ್ರೋಸಾಫ್ಟಿನ ಭಂಡಾರದಲ್ಲಿ ‘ಗೋ’ ಎಂಬ ಪದ. ಸ್ವಾರಸ್ಯವೆಂದರೆ ಆ ‘ಗೋ’ ಭಂಡಾರಕ್ಕೆ ತಲುಪುವುದೇ ಇಲ್ಲ. ಅದು ಕಡತವನ್ನು ಓದುವ ಸಾಧನಕ್ಕೆ ಹೇಳಿದ ಮಾತು. ಎತ್ತಿಗೆ ಹೇಳಿದ್ದಲ್ಲ, ಗಾಡಿ ಹೊಡೆಯುವವನಿಗೆ ಹೇಳಿದ್ದು.

ಸರಿಯಾಗಿ ಕತ್ತರಿಸಿದೆವೆನ್ನಿ. ಇನ್ನು ನಿಂತು ನಿಂತು ನಡೆಸುವ ಸಾಧನಗಳೇನೋ ಇವೆ. 1993ರಲ್ಲಿ ಬಂದ ಡಾಸ್‌ನ 6ನೆಯ ಆವೃತ್ತಿಯಲ್ಲಿ ಯಂತ್ರ ಎಚ್ಚರಗೊಳ್ಳುವಾಗ ಎಫ್-8 ಕೀಲಿ ಒತ್ತಿದರೆ, ಆರಂಭದ ಕಡತದ ಪ್ರತಿ ಸಾಲಿಗೂ ‘ಇದನ್ನು ನಡೆಸಲೆ, ಬೇಡವೆ’ ಎಂದು ಕೇಳುತ್ತಿತ್ತು. ಹದಗೆಟ್ಟ ಯಂತ್ರದ ರೋಗ ಯಾವ ಸಾಲಿನಲ್ಲಿದೆಯೆಂದು ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯ ದಾರಿ ಆಗ ಇರಲಿಲ್ಲ. ಪೋಸ್ಟ್‌ಗ್ರೆಸ್‌ನ ಸಾಧನಕ್ಕೆ ಒಂದು ಅಕ್ಷರದ ಸೂಚನೆ ಕೊಟ್ಟರೆ ಪ್ರತಿ ಆಜ್ಞೆಯನ್ನೂ ಕಳುಹಿಸುವ ಮುನ್ನ ತೆರೆಯ ಮೇಲೆ ತೋರಿಸಿ ಒಪ್ಪಿಗೆಗಾಗಿ ಕಾಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಕಡತದಲ್ಲಿ 10,000 ಆಜ್ಞೆಗಳು, ಒಂದೊಂದನ್ನು ಓದಿ ಒಪ್ಪಲು ಐದು ಸೆಕೆಂಡು. ಒಟ್ಟು ಸುಮಾರು 14 ಗಂಟೆ. ಮೊದಲ ಇಪ್ಪತ್ತನ್ನು ಶ್ರದ್ಧೆಯಿಂದ ಓದುತ್ತೇವೆ. ಐವತ್ತಾಗುವ ಹೊತ್ತಿಗೆ ಬೆರಳು ಕಣ್ಣಿಗಿಂತ ಮುಂದೆ ಓಡುತ್ತದೆ. ನೂರು ದಾಟಿದ ಮೇಲೆ ಆ ಒಪ್ಪಿಗೆಗೂ ನಿದ್ದೆಯಲ್ಲಿ ಹೂಂಗುಟ್ಟುವುದಕ್ಕೂ ವ್ಯತ್ಯಾಸವಿಲ್ಲ. ಕೇಳಿ ನಡೆಸುವ ಯಂತ್ರ, ಕೇಳಿಸಿಕೊಳ್ಳದ ಮನುಷ್ಯ: ಇದು ಕೇಳದೆ ನಡೆಸುವುದಕ್ಕಿಂತ ಅಪಾಯಕರವೆಂದು ನನ್ನ ಭಾವನೆ, ಏಕೆಂದರೆ ಪರಿಶೀಲಿಸಿದ್ದೇವೆಂಬ ಧೈರ್ಯ ಮಾತ್ರ ನಮ್ಮಲ್ಲಿ ಉಳಿದಿರುತ್ತದೆ.

ಕೈಯಾರೆ ಒಂದೊಂದೇ ಆಜ್ಞೆ ಕೊಡುವವರೂ ಸುರಕ್ಷಿತರಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದದ್ದನ್ನು ಆ ಸಂಸ್ಥೆಯವರೇ ಮುಚ್ಚುಮರೆಯಿಲ್ಲದೆ ಲೋಕಕ್ಕೆ ತಿಳಿಸಿದರು. ಮುಖ್ಯ ಭಂಡಾರದ ಜೊತೆಗೆ ಅದರ ನಕಲಾದ ಇನ್ನೊಂದು ಯಂತ್ರವಿತ್ತು. ನಕಲು ಯಂತ್ರ ಕೆಟ್ಟಿದ್ದರಿಂದ ಅದನ್ನು ಬರಿದುಮಾಡಿ ಹೊಸದಾಗಿ ತುಂಬಬೇಕೆಂದು ಒಬ್ಬ ತಂತ್ರಜ್ಞರು ತಡರಾತ್ರಿಯವರೆಗೂ ದುಡಿಯುತ್ತಿದ್ದರು. ಬರಿದುಮಾಡುವ ಆಜ್ಞೆಯನ್ನು ಅವರು ಕೊಟ್ಟದ್ದು ಮುಖ್ಯ ಯಂತ್ರಕ್ಕೆ. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟುಗಳಲ್ಲಿ ನಾಲ್ಕೂವರೆಯಷ್ಟು ಉಳಿದಿತ್ತು. ನಿಯಮದಂತೆ ದಿನವೂ ತೆಗೆಯಬೇಕಾಗಿದ್ದ ಪ್ರತಿಗಳು ಕೆಲಸ ಮಾಡಿರಲಿಲ್ಲ. ಆರು ಗಂಟೆಗಳ ಹಿಂದೆ ಬೇರೆ ಕಾರಣಕ್ಕೆ ತೆಗೆದಿದ್ದ ಪ್ರತಿಯೊಂದು ಅದೃಷ್ಟಕ್ಕೆ ಸಿಕ್ಕಿತು. ಆ ಆರು ಗಂಟೆಗಳ ದತ್ತಾಂಶ ಮಾತ್ರ ಮರಳಿ ಬರಲಿಲ್ಲ. ಆಜ್ಞೆ ಸರಿಯಾಗಿತ್ತು, ಒಂದೇ ಆಗಿತ್ತು, ಕೊಟ್ಟವರು ಬಲ್ಲವರಾಗಿದ್ದರು. ಕೊಟ್ಟ ಯಂತ್ರ ಬೇರೆ, ಅಷ್ಟೆ. ಸ್ಕ್ರಿಪ್ಟಿನಲ್ಲಿ ಮೊದಲ ಸಾಲಾಗಿ ‘ನಾನು ಯಾವ ಯಂತ್ರದಲ್ಲಿದ್ದೇನೆ’ ಎಂದು ಕೇಳುವುದನ್ನು ಬರೆದಿಡಬಹುದು. ದಣಿದ ಕೈ ಅದನ್ನು ಕೇಳದು.

ಇಲ್ಲಿಯವರೆಗೆ ನಾನು ‘ಎಲ್ಲವೂ ಒಟ್ಟಿಗೆ’, ‘ಒಂದೊಂದಾಗಿ’ ಎಂಬ ಎರಡು ಮಾರ್ಗಗಳು ಪರಸ್ಪರ ವಿರುದ್ಧವೆಂಬಂತೆ ಮಾತನಾಡಿದೆ. ಭಂಡಾರಗಳಲ್ಲಿ ಇವೆರಡನ್ನೂ ಕೂಡಿಸುವ ಒಂದು ಕಲ್ಪನೆಯಿದೆ. ಅದಕ್ಕೆ ವ್ಯವಹಾರ, ಟ್ರಾನ್ಸಾಕ್ಷನ್, ಎಂದು ಹೆಸರು. ಅದನ್ನು ಸ್ಪಷ್ಟವಾಗಿ ರೂಪಿಸಿದವರಲ್ಲಿ ಮುಖ್ಯರು ಜಿಮ್ ಗ್ರೇ. 1981ರ ಲೇಖನವೊಂದರಲ್ಲಿ ಅವರು ಇದರ ಮೂಲವನ್ನು ಕರಾರಿನ ಕಾನೂನಿನಲ್ಲಿ ಕಂಡು, ಕ್ರೈಸ್ತ ವಿವಾಹವಿಧಿಯನ್ನು ದೃಷ್ಟಾಂತವಾಗಿ ಕೊಟ್ಟರು. 1998ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ನಮಗೆ ಇನ್ನೂ ಹತ್ತಿರದ ದೃಷ್ಟಾಂತವಿದೆ. 1955ರ ಹಿಂದೂ ವಿವಾಹ ಅಧಿನಿಯಮದ 7ನೆಯ ಪ್ರಕರಣವನ್ನು ನೋಡಿ: ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯನ್ನಿಟ್ಟಾಗ ವಿವಾಹ ಪೂರ್ಣವಾಗಿ, ಇಬ್ಬರನ್ನೂ ಕಟ್ಟುತ್ತದೆ. ಹೆಜ್ಜೆಗಳನ್ನು ಇಡುವುದು ಒಂದೊಂದಾಗಿಯೇ. ಆದರೆ ಆರು ಹೆಜ್ಜೆ ಇಟ್ಟವರಿಗೆ ಏಳರಲ್ಲಿ ಆರು ಪಾಲು ಮದುವೆಯಾಗಿರುವುದಿಲ್ಲ.

ಭಂಡಾರದ ವ್ಯವಹಾರವೂ ಹೀಗೆಯೇ. ‘ಆರಂಭ’ ಎಂದು ಹೇಳಿ ಆಜ್ಞೆಗಳನ್ನು ಒಂದೊಂದಾಗಿ ಕೊಡುತ್ತ ಹೋಗುತ್ತೇವೆ. ಪ್ರತಿಯೊಂದರ ಫಲವನ್ನೂ ನೋಡಬಹುದು, ಎಣಿಸಬಹುದು. ಕಡೆಗೆ ‘ಸ್ಥಿರಗೊಳಿಸು’ ಎಂದರೆ ಎಲ್ಲವೂ ಒಮ್ಮೆಗೇ ನಿಜವಾಗುತ್ತವೆ. ‘ಹಿಂತಿರುಗು’ ಎಂದರೆ ಒಂದೂ ಆಗಿಯೇ ಇಲ್ಲ. ಆ ವಿಧವಾ ವೇತನದ ಮೂರು ಆಜ್ಞೆಗಳನ್ನು ಒಂದು ವ್ಯವಹಾರದೊಳಗೆ ಕಟ್ಟಿ, ತಪ್ಪು ಕಂಡಲ್ಲಿ ನಿಲ್ಲಬೇಕೆಂದು ಸೂಚಿಸಿದ್ದರೆ, ಫೆಬ್ರವರಿ 30 ಎದುರಾದ ಗಳಿಗೆಯಲ್ಲೇ ಹಳೆಯ ಪಟ್ಟಿ ಇದ್ದ ಹಾಗೆ ಉಳಿಯುತ್ತಿತ್ತು. ಒಂದು ಎಚ್ಚರಿಕೆ ಅಗತ್ಯ. ಪಟ್ಟಿಗಳನ್ನು ರಚಿಸುವ, ಕೆಡವುವ ಆಜ್ಞೆಗಳನ್ನು ಪೋಸ್ಟ್‌ಗ್ರೆಸ್ ವ್ಯವಹಾರದೊಳಗೆ ಹಿಡಿದಿಡುತ್ತದೆ. ಒರೆಕಲ್, ಮೈಎಸ್‌ಕ್ಯೂಎಲ್ ಭಂಡಾರಗಳಲ್ಲಾದರೆ ಅಂಥ ಆಜ್ಞೆ ಬಂದೊಡನೆ, ಕೇಳದೆಯೇ, ಅಲ್ಲಿಯವರೆಗಿನದೆಲ್ಲ ಸ್ಥಿರವಾಗಿಬಿಡುತ್ತದೆ. ಒಂದರಲ್ಲಿ ಕಲಿತ ಧೈರ್ಯವನ್ನು ಇನ್ನೊಂದಕ್ಕೆ ಒಯ್ಯಬಾರದು.

ವ್ಯವಹಾರದಿಂದ ವೇಗವೂ ಹೆಚ್ಚುತ್ತದೆ; ಇದು ಮೊದಲು ಕೇಳಿದವರಿಗೆ ಸೋಜಿಗ. ಸ್ಥಿರಗೊಳಿಸುವಾಗಲೊಮ್ಮೆ ಯಂತ್ರ ತಟ್ಟೆಯ ಮೇಲೆ ನಿಜವಾಗಿ ಬರೆದು ಮುಗಿಯುವವರೆಗೂ ಕಾಯಬೇಕು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಭಂಡಾರದ ನಿರ್ಮಾಪಕರು ಕೊಡುವ ಲೆಕ್ಕದಂತೆ, ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯಲ್ಲಿ ಸೆಕೆಂಡಿಗೆ ಸುಮಾರು 60 ವ್ಯವಹಾರಗಳಷ್ಟೇ ಸಾಧ್ಯ. ಒಂದೇ ವ್ಯವಹಾರದೊಳಗೆ ಸೇರಿಸಿದರೆ ಸೆಕೆಂಡಿಗೆ 50,000 ಸಾಲುಗಳನ್ನು ತುಂಬಬಹುದು. ಒಂದು ಲಕ್ಷ ಸಾಲುಗಳಿಗೆ ಒಂದು ರೀತಿಯಲ್ಲಿ ಅರ್ಧ ಗಂಟೆಗೆ ಸಮೀಪ, ಇನ್ನೊಂದು ರೀತಿಯಲ್ಲಿ ಎರಡೇ ಸೆಕೆಂಡು. ಈಗಿನ ಸುತ್ತದ ತಟ್ಟೆಗಳು ಇನ್ನೂ ಚುರುಕು. ಅಂತರ ಕುಗ್ಗಿದೆ, ಅಳಿದಿಲ್ಲ. ಹಾಗೆಂದು ಕೋಟಿ ಸಾಲುಗಳನ್ನು ಒಂದೇ ವ್ಯವಹಾರಕ್ಕೆ ತುರುಕಿದರೆ ಬೇರೆ ಫಜೀತಿ: ಅದು ಮುಗಿಯುವವರೆಗೂ ಆ ಸಾಲುಗಳಿಗೆ ಬೀಗ, ತೊಂಬತ್ತೊಂಬತ್ತನೇ ಲಕ್ಷದಲ್ಲಿ ಮುರಿದರೆ ಹಿಂತಿರುಗುವುದಕ್ಕೂ ಗಂಟೆಗಟ್ಟಲೆ. ನಾನು ಹತ್ತಿಪ್ಪತ್ತು ಸಾವಿರ ಸಾಲುಗಳ ಕಂತೆಗಳನ್ನಾಗಿ ಒಡೆಯುವವನು.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಎಷ್ಟೇ ದೊಡ್ಡ ಸ್ಕ್ರಿಪ್ಟ್ ಬಂದರೂ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಅಳತೆಪಟ್ಟಿಯನ್ನು ಸಾಲಿನ ಕೆಳಗಿಟ್ಟು, ಪೆನ್ಸಿಲು ಹಿಡಿದು ಓದುತ್ತಿದ್ದರು. ಎಲ್ಲ ಸಾಲನ್ನೂ ಓದುತ್ತಿರಲಿಲ್ಲ. ತುಂಬುವ ಸಾಲುಗಳು ಸಾವಿರವಿದ್ದರೆ ಮೊದಲ ನಾಲ್ಕು, ನಡುವೆ ನಾಲ್ಕು, ಕೊನೆಯ ನಾಲ್ಕು. ಆದರೆ ಅಳಿಸುವ, ಕೆಡವುವ, ತಿದ್ದುವ ಆಜ್ಞೆ ಎಲ್ಲಿ ಬಂದರೂ ಅದರ ಎದುರು ಕೆಂಪು ಗುರುತು. ಆ ಕೆಂಪು ಗುರುತಿನ ಕಡೆ ಮಾತ್ರ ಸ್ಕ್ರಿಪ್ಟ್ ನಿಲ್ಲಬೇಕು, ಅಲ್ಲಿಯವರೆಗಿನ ಲೆಕ್ಕವನ್ನು ತೋರಿಸಬೇಕು, ಆಮೇಲೆ ಮನುಷ್ಯ ಹೂಂ ಅನ್ನಬೇಕು. ಹತ್ತು ಸಾವಿರ ಆಜ್ಞೆಗಳಲ್ಲಿ ಅಂಥವು ಹದಿನೈದೋ ಇಪ್ಪತ್ತೋ ಇರುತ್ತಿದ್ದವು. ಇಪ್ಪತ್ತು ಸಲ ಎಚ್ಚರವಾಗಿರುವುದು ಮನುಷ್ಯನಿಂದ ಆಗುವ ಕೆಲಸ. ಮೊದಲು ನಕಲು ಭಂಡಾರದ ಮೇಲೆ ಪೂರ್ತಿ ನಡೆಸಿ, ಕಡೆಗೆ ‘ಹಿಂತಿರುಗು’ ಎಂದು ಹೇಳಿ, ಎಷ್ಟು ಸಾಲುಗಳು ಮುಟ್ಟಲ್ಪಟ್ಟವೆಂಬ ಸಂಖ್ಯೆಯನ್ನು ಅವರು ಕಾಗದದ ಅಂಚಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ನಿಜವಾದ ಭಂಡಾರದಲ್ಲಿ ಅದೇ ಸಂಖ್ಯೆ ಬರದಿದ್ದರೆ ಮುಂದಿನ ಹೆಜ್ಜೆಯಿಲ್ಲ.

ಉಳಿದದ್ದು, ನಡುವೆ ನಿಂತ ಸ್ಕ್ರಿಪ್ಟನ್ನು ಮತ್ತೆ ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ. ಒಂದು ದಾರಿ, ಆಜ್ಞೆಗಳನ್ನು ಎರಡು ಸಲ ನಡೆಸಿದರೂ ಕೆಡದ ಹಾಗೆ ಬರೆಯುವುದು: ‘ಪಟ್ಟಿಯನ್ನು ರಚಿಸು’ ಎನ್ನುವ ಬದಲು ‘ಇಲ್ಲದಿದ್ದರೆ ರಚಿಸು’; ‘ಸಂಬಳಕ್ಕೆ ನೂರು ಸೇರಿಸು’ ಎನ್ನುವ ಬದಲು ‘ಸಂಬಳ ಇಷ್ಟಾಗಲಿ’. ಇನ್ನೊಂದು ದಾರಿ, ದೊಡ್ಡ ಕಡತವನ್ನು ಅಂಕಿ ಹಾಕಿದ ಸಣ್ಣ ಕಡತಗಳನ್ನಾಗಿ ಒಡೆದು, ಯಾವ ಅಂಕಿಯವರೆಗೆ ನಡೆದಿದೆಯೆಂಬುದನ್ನು ಭಂಡಾರದೊಳಗಿನ ಒಂದು ಪುಟ್ಟ ಪಟ್ಟಿಯಲ್ಲಿ ದಾಖಲಿಸುತ್ತ ಹೋಗುವುದು. ಹೊಸ ತಲೆಮಾರಿನ ಸಾಧನಗಳೆಲ್ಲ ಬಹುಮಟ್ಟಿಗೆ ಇದನ್ನೇ ಮಾಡುತ್ತವೆ. ಅವುಗಳಲ್ಲಿ ಫ್ಲೈವೇ ಎಂಬುದು ಒಂದು ಹೆಜ್ಜೆ ಮುಂದೆ ಹೋಗಿ, ನಡೆದ ಪ್ರತಿ ಕಡತದ ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಗುರುತುಸಂಖ್ಯೆಯನ್ನೂ ಆ ಪಟ್ಟಿಯಲ್ಲಿ ಬರೆದಿಡುತ್ತದೆ. ಈಗಾಗಲೇ ನಡೆದುಹೋದ ಕಡತವನ್ನು ಯಾರಾದರೂ ಆಮೇಲೆ ಸದ್ದಿಲ್ಲದೆ ತಿದ್ದಿದರೆ ಸಂಖ್ಯೆ ಹೊಂದುವುದಿಲ್ಲ; ಮುಂದಿನ ಸಲ ಅದು ಒಂದು ಆಜ್ಞೆಯನ್ನೂ ನಡೆಸದೆ, ಯಾವ ಕಡತ ಬದಲಾಗಿದೆಯೆಂದು ಹೆಸರಿಸಿ, ಅಲ್ಲೇ ನಿಲ್ಲುತ್ತದೆ.